ಲೇಬಲ್ಲಿನಲ್ಲಿ ಇಲ್ಲದ ಓಮ್

ಬಚ್ಚಲುಮನೆಯ ಗೀಸರಿನ ಮೈಮೇಲೆ ಒಂದು ಲೇಬಲ್ ಅಂಟಿಸಿರುತ್ತಾರೆ. ಎಷ್ಟು ಲೀಟರು, ಎಷ್ಟು ಸ್ಟಾರು, ಎಷ್ಟು ವರ್ಷದ ಗ್ಯಾರಂಟಿ ಎಂಬ ವಿವರಗಳ ನಡುವೆ 230 ವೋಲ್ಟ್, 2000 ವಾಟ್ ಎಂಬ ಎರಡು ಸಂಖ್ಯೆಗಳೂ ಇರುತ್ತವೆ. ಕೊಳ್ಳುವವರು ಸ್ಟಾರು ನೋಡುತ್ತಾರೆ, ಫಿಟ್ ಮಾಡಲು ಬಂದವನು ಗೋಡೆಯ ಗಟ್ಟಿತನ ನೋಡುತ್ತಾನೆ. ಈ ಎರಡು ಸಂಖ್ಯೆಗಳ ಗೊಡವೆಗೆ ಹೋಗುವವರು ಕಡಿಮೆ. ಆದರೆ ಆ ಕಾಯಿಲ್‌ನ ಜಾತಕವೆಲ್ಲ ಇರುವುದು ಅಲ್ಲೇ. 2000ವನ್ನು 230ರಿಂದ ಭಾಗಿಸಿ: 8.7 ಬರುತ್ತದೆ. ಅದು ಆಂಪಿಯರ್, ಕಾಯಿಲ್‌ನಲ್ಲಿ ಹರಿಯುವ ಕರೆಂಟು. ಈಗ 230ನ್ನು ಆ 8.7ರಿಂದ ಭಾಗಿಸಿ: 26.4 ಬರುತ್ತದೆ. ಅದು ಓಮ್, ಕಾಯಿಲ್ ಒಡ್ಡುವ ರೋಧ.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇದೆ. ಲೆಕ್ಕ ಮಾತ್ರ ನಾಲ್ಕನೇ ತರಗತಿಯದು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್, ವೋಲ್ಟನ್ನು ಆಂಪಿಯರಿಗೆ ಗುಣಿಸಿದರೆ ವಾಟ್. ವೋಲ್ಟ್ ಎಂದರೆ ತಂತಿಯ ಎರಡು ತುದಿಗಳ ನಡುವಿನ ತಳ್ಳು, ಆಂಪಿಯರ್ ಎಂದರೆ ಆ ತಳ್ಳಿಗೆ ಎಷ್ಟು ಹರಿಯಿತು ಎಂಬುದು, ವಾಟ್ ಎಂದರೆ ಹಾಗೆ ಹರಿಯುವಾಗ ಸೆಕೆಂಡಿಗೆ ಎಷ್ಟು ಶಕ್ತಿ ಖರ್ಚಾಯಿತು ಎಂಬುದು. ಸಾವಿರ ವಾಟ್ ಒಂದು ಗಂಟೆ ಖರ್ಚಾದರೆ ಬಿಲ್ಲಿನಲ್ಲಿ ಒಂದು ಯೂನಿಟ್. ಇದನ್ನೆಲ್ಲ ನೀರು ಮತ್ತು ಪೈಪಿಗೆ ಹೋಲಿಸಿ ಹೇಳಿಕೊಡುವುದು ಮೇಷ್ಟರುಗಳ ರೂಢಿ. ನನಗೆ ಆ ಹೋಲಿಕೆ ಒಗ್ಗುವುದಿಲ್ಲ. ಪೈಪು ತುಂಡಾದರೆ ನೀರು ಸುರಿಯುತ್ತದೆ, ತಂತಿ ತುಂಡಾದರೆ ಕರೆಂಟು ನಿಂತೇ ಹೋಗುತ್ತದೆ.

ಈ ಲೆಕ್ಕದಲ್ಲಿ ಮೊದಲಿಗೆ ಎಲ್ಲರೂ ಎಡವುವ ಒಂದು ಜಾಗವಿದೆ. 1000 ವಾಟಿನ ಇಸ್ತ್ರಿ ಪೆಟ್ಟಿಗೆಯ ಲೆಕ್ಕ ಹಾಕಿ ನೋಡಿ: 4.35 ಆಂಪಿಯರ್, 53 ಓಮ್. ಗೀಸರಿನ ಅರ್ಧ ಬಿಸಿ, ಆದರೆ ರೋಧ ಎರಡರಷ್ಟು. ರೋಧ ಹೆಚ್ಚಾದಷ್ಟೂ ಬಿಸಿ ಹೆಚ್ಚು ಎಂದು ನಂಬಿದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಮನೆಗೆ ಬರುವ 230 ವೋಲ್ಟ್ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ, ಕಡಿಮೆ ಓಮ್ ಇರುವ ಕಾಯಿಲ್ ಹೆಚ್ಚು ಕರೆಂಟು ಎಳೆದು ಹೆಚ್ಚು ಬಿಸಿಯಾಗುತ್ತದೆ. ಗೋಡೆಯಲ್ಲಿ 6 ಆಂಪಿಯರಿನ ಸಣ್ಣ ಸಾಕೆಟ್, 16 ಆಂಪಿಯರಿನ ದೊಡ್ಡ ಸಾಕೆಟ್ ಎಂದು ಎರಡು ಬಗೆ ಇರುವುದೂ ಇದೇ ಕಾರಣಕ್ಕೆ. ಇಸ್ತ್ರಿ ಪೆಟ್ಟಿಗೆಯ 4.35 ಸಣ್ಣದರಲ್ಲಿ ಹಿಡಿಸುತ್ತದೆ. ಗೀಸರಿನ 8.7 ಹಿಡಿಸುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಅಂಗಡಿಯಲ್ಲಿ ಕಾಸು ಕೊಟ್ಟು ಕೊಂಡ ಓಮ್‌ಗಳ ಕತೆ. ಕಾಸು ಕೊಡದೆ ಬಂದು ಸೇರಿಕೊಂಡ ಓಮ್‌ಗಳೂ ಅದೇ ದಾರಿಯಲ್ಲಿ ಕೂತಿರುತ್ತವೆ. ಕಂಬದಿಂದ ಮೀಟರಿಗೆ ಬರುವ ತಂತಿ, ಮೀಟರಿನಿಂದ ಬಚ್ಚಲಿಗೆ ಹೋಗುವ ತಂತಿ, ನಡುವೆ ಸ್ವಿಚ್ಚಿನೊಳಗಿನ ಕಾಂಟ್ಯಾಕ್ಟು, ಸಡಿಲವಾದ ಸ್ಕ್ರೂ, ಪ್ಲಗ್ಗಿನ ಪಿನ್ನು ಹಿಡಿದುಕೊಳ್ಳುವ ಹಿತ್ತಾಳೆ ಪಟ್ಟಿ. ಇವಕ್ಕೆಲ್ಲ ಒಂದಿಷ್ಟು ರೋಧ ಇದ್ದೇ ಇದೆ. ಯಾವ ಲೇಬಲ್ಲಿನಲ್ಲೂ ಅದನ್ನು ಬರೆದಿರುವುದಿಲ್ಲ. ನನ್ನ ಮಟ್ಟಿಗೆ ವೋಲ್ಟ್-ಆಂಪಿಯರ್ ಲೆಕ್ಕ ಕಲಿಯಬೇಕಾದದ್ದೇ ಈ ಕಳ್ಳ ಓಮ್‌ಗಳನ್ನು ಹಿಡಿಯಲು. ಗೀಸರಿನ ಓಮ್ ಎಷ್ಟೆಂದು ತಿಳಿಯದಿದ್ದರೂ ನೀರು ಕಾಯುತ್ತದೆ. ಸಾಕೆಟ್ಟಿನ ಓಮ್ ಎಷ್ಟೆಂದು ತಿಳಿಯದಿದ್ದರೆ ಮನೆಗೆ ಬೆಂಕಿ ಬೀಳಬಹುದು.

ತಮಾಷೆಯೆಂದರೆ, ಯಾರ ಹೆಸರಿನಲ್ಲಿ ಈ ನಿಯಮವಿದೆಯೋ ಆತನ ಮೂಲ ಸೂತ್ರದಲ್ಲಿ ಈ ಕಳ್ಳ ಓಮ್‌ಗಳಿಗೆ ಜಾಗವಿತ್ತು. ಗೇಯಾರ್ಗ್ ಸೈಮನ್ ಓಮ್ 1789ರಲ್ಲಿ ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ ಹುಟ್ಟಿದ. ಅಪ್ಪ ಬೀಗ ಮಾಡುವ ಕಸುಬಿನವನು. ಮಗ ಕಲೋನ್ ನಗರದ ಶಾಲೆಯೊಂದರಲ್ಲಿ ಗಣಿತ, ಭೌತವಿಜ್ಞಾನ ಕಲಿಸುವ ಮೇಷ್ಟರಾದ. ತಂತಿಯ ಉದ್ದಕ್ಕೂ ಕರೆಂಟಿಗೂ ಏನು ನಂಟು ಎಂದು ಹುಡುಕಹೊರಟಾಗ ಮೊದಲು ಬಳಸಿದ್ದು ವೋಲ್ಟಾ ಎಂಬ ವಿಜ್ಞಾನಿಯ ಮಾದರಿಯ ಬ್ಯಾಟರಿಯನ್ನು. ಅದು ಪ್ರಯೋಗ ಮುಗಿಯುವಷ್ಟರಲ್ಲಿ ಸೊರಗುತ್ತಿತ್ತು. ಹಾಗಾಗಿ ಬಂದ ಉತ್ತರವೂ ಸೊಟ್ಟಗಿತ್ತು, ಅದನ್ನೇ 1825ರಲ್ಲಿ ಪ್ರಕಟಿಸಿಯೂ ಬಿಟ್ಟ. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿ, ಬ್ಯಾಟರಿ ಬಿಟ್ಟು ಥರ್ಮೋಕಪಲ್ ಬಳಸಿ ನೋಡು ಎಂದು ಸಲಹೆ ಕೊಟ್ಟ. ಬಿಸ್ಮತ್ ಮತ್ತು ತಾಮ್ರವನ್ನು ಎರಡು ಕಡೆ ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನ ಬಿಸಿಯಲ್ಲೂ ಇನ್ನೊಂದನ್ನು ಮಂಜುಗಡ್ಡೆಯ ತಂಪಿನಲ್ಲೂ ಇಟ್ಟರೆ ಸಣ್ಣದಾದರೂ ಅಲುಗಾಡದ ವೋಲ್ಟೇಜು ಸಿಗುತ್ತದೆ. ನೀರು ಕುದಿಯುತ್ತಿರುವ ತನಕ, ಮಂಜು ಕರಗಿ ಮುಗಿಯುವ ತನಕ ಅದು ಬದಲಾಗುವುದಿಲ್ಲ.

ಆಮೇಲಿನದು ಬರೀ ತಾಳ್ಮೆಯ ಕೆಲಸ. 2 ಅಂಗುಲದಿಂದ 130 ಅಂಗುಲದವರೆಗೆ ಎಂಟು ಬೇರೆಬೇರೆ ಉದ್ದದ ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ಕಾಂತಸೂಜಿ ಎಷ್ಟು ತಿರುಗಿತು ಎಂದು ಅಳೆದ. ಅಂಕಿಗಳೆಲ್ಲ ಒಂದೇ ಸೂತ್ರಕ್ಕೆ ಬಂದು ಕೂತವು: ಒಂದು ಸ್ಥಿರಸಂಖ್ಯೆಯನ್ನು, ತಂತಿಯ ಉದ್ದ ಮತ್ತು ಇನ್ನೊಂದು ಸ್ಥಿರಸಂಖ್ಯೆಯ ಮೊತ್ತದಿಂದ ಭಾಗಿಸಿದರೆ ಕರೆಂಟು. ಮೇಲಿನ ಸಂಖ್ಯೆ ಮೂಲದ ತಳ್ಳು. ಕೆಳಗೆ ತಂತಿಯ ಉದ್ದಕ್ಕೆ ಕೂಡಿಕೊಂಡ ಸಂಖ್ಯೆ? ಅದು ಓಮ್ ಪರೀಕ್ಷೆಗೆ ಇಟ್ಟ ತಂತಿಯದಲ್ಲ. ವಿದ್ಯುತ್ ಮಂಡಲದ ಉಳಿದೆಲ್ಲ ಭಾಗದ, ಅಂದರೆ ಥರ್ಮೋಕಪಲ್ಲು, ಜೋಡಣೆಗಳು ಎಲ್ಲವೂ ಸೇರಿದ ರೋಧ. ಶಾಲೆಯಲ್ಲಿ ನಾವು ಬಾಯಿಪಾಠ ಮಾಡುವ ಸೂತ್ರದಲ್ಲಿ ಈ ಎರಡನೆಯ ಸಂಖ್ಯೆಯನ್ನು ಉದುರಿಸಿ ಹಗುರ ಮಾಡಿದ್ದಾರೆ. ಪರೀಕ್ಷೆ ಪಾಸಾಗಲು ಅದು ಒಳ್ಳೆಯದೇ ಇರಬಹುದು, ಮನೆಯ ವೈರಿಂಗಿಗೆ ಒಳ್ಳೆಯದಲ್ಲ.

1827ರಲ್ಲಿ ಓಮ್ ಬರೆದ ಪುಸ್ತಕಕ್ಕೆ ಸ್ವದೇಶದಲ್ಲಿ ಸಿಕ್ಕಿದ್ದು ತಣ್ಣನೆಯ ಸ್ವಾಗತ. ಬೇಸತ್ತು ಕೆಲಸ ಬಿಟ್ಟ. ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ಕೊಟ್ಟದ್ದು 1841ರಲ್ಲಿ, ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕ ಪೀಠ ಸಿಕ್ಕಿದ್ದು 1852ರಲ್ಲಿ. ಎರಡು ವರ್ಷಕ್ಕೆ ತೀರಿಕೊಂಡ.

ಪದಕ ಕೊಟ್ಟ ಅದೇ 1841ರಲ್ಲಿ ಇಂಗ್ಲೆಂಡಿನ ಸಾಲ್‌ಫರ್ಡಿನ ಬಿಯರ್ ತಯಾರಕನ ಮಗ, 22 ವರ್ಷದ ಜೇಮ್ಸ್ ಜೌಲ್, ಕತೆಯ ಉಳಿದರ್ಧವನ್ನು ಅಚ್ಚಿಗೆ ಕೊಟ್ಟ. ಗಾಜಿನ ಜಾಡಿಯ ನೀರಿನಲ್ಲಿ ತಂತಿಯ ಸುರುಳಿ ಮುಳುಗಿಸಿ, ಕರೆಂಟು ಹಾಯಿಸಿ, ಥರ್ಮಾಮೀಟರು ಹಿಡಿದು ಕೂತ. ಒಂದು ಲೆಕ್ಕದಲ್ಲಿ ಜಗತ್ತಿನ ಮೊದಲ ಗೀಸರುಗಳಲ್ಲಿ ಒಂದು! ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ಮತ್ತು ರೋಧಕ್ಕೆ ತಕ್ಕಂತೆ ಏರುತ್ತದೆ ಎಂದು ತೋರಿಸಿದ. ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟು, ಹತ್ತರಷ್ಟಾದರೆ ನೂರರಷ್ಟು. ಆಂಪಿಯರನ್ನು ಆಂಪಿಯರಿಗೇ ಗುಣಿಸಿ, ಅದನ್ನು ಓಮ್‌ಗೆ ಗುಣಿಸಿದರೆ ವಾಟ್. ಮೇಲೆ ಹೇಳಿದ ಎರಡು ನಿಯಮಗಳನ್ನು ಒಂದರೊಳಗೊಂದು ಹಾಕಿದರೂ ಇದೇ ಬರುತ್ತದೆ.

ಈ ವರ್ಗವೇ ಎಲ್ಲ ಅನಾಹುತದ ಮೂಲ. ಗೀಸರಿನ ಸಾಕೆಟ್ಟು ಹಳೆಯದಾಗಿ ಒಳಗಿನ ಹಿಡಿ ಸಡಿಲವಾಗಿದೆ, ಅಲ್ಲಿ ಅರ್ಧ ಓಮ್ ರೋಧ ಹುಟ್ಟಿಕೊಂಡಿದೆ ಎಂದಿಟ್ಟುಕೊಳ್ಳಿ. 26.4ರ ಮುಂದೆ ಅರ್ಧ ಯಾವ ಲೆಕ್ಕ ಎನಿಸುತ್ತದೆ. ಕರೆಂಟು 8.7ರಿಂದ 8.5 ಆಂಪಿಯರಿಗೆ ಇಳಿಯುತ್ತದೆ, ಅಷ್ಟೇ. ಆದರೆ ಆ ಅರ್ಧ ಓಮ್‌ನಲ್ಲಿ ಹುಟ್ಟುವ ಬಿಸಿ? 8.5ನ್ನು 8.5ಕ್ಕೆ ಗುಣಿಸಿ ಅರ್ಧ ಮಾಡಿ: 36 ವಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸಲು ಬಳಸುವ ಸಣ್ಣ ಸಾಲ್ಡರಿಂಗ್ ಐರನ್ 25 ವಾಟಿನದು. ಅದಕ್ಕಿಂತ ಹೆಚ್ಚು ಬಿಸಿ, ಕಡಲೆಕಾಳು ಗಾತ್ರದ ಜಾಗದಲ್ಲಿ, ಪ್ಲಾಸ್ಟಿಕ್ಕಿನ ಡಬ್ಬಿಯೊಳಗೆ, ಗಾಳಿಯಾಡದ ಗೋಡೆಯ ತೂತಿನಲ್ಲಿ. ಬಿಸಿಗೆ ಹಿತ್ತಾಳೆ ಪಟ್ಟಿಯ ಸ್ಪ್ರಿಂಗು ಮೆತ್ತಗಾಗುತ್ತದೆ, ಮೇಲ್ಮೈ ಕಪ್ಪುಗಟ್ಟುತ್ತದೆ. ಕಪ್ಪುಗಟ್ಟಿದಷ್ಟೂ ರೋಧ ಹೆಚ್ಚುತ್ತದೆ, ರೋಧ ಹೆಚ್ಚಿದಷ್ಟೂ ಬಿಸಿ ಏರುತ್ತದೆ. ಬೆಳಿಗ್ಗೆ ಸ್ನಾನದ ಹೊತ್ತಿಗೆ ಬರುವ ಆ ಸುಟ್ಟ ಪ್ಲಾಸ್ಟಿಕ್ ವಾಸನೆಯ ಹಿಂದಿರುವುದು ಇಷ್ಟೇ.

ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಸಿಕ್ಕಿಸಿದರೆ ಏನೂ ಆಗುವುದಿಲ್ಲ. ಸಣ್ಣ ಚಾರ್ಜರು ಎಳೆಯುವುದು ಹೆಚ್ಚೆಂದರೆ 0.1 ಆಂಪಿಯರ್. 0.1ರ ವರ್ಗ 0.01, ಅದರಲ್ಲಿ ಅರ್ಧ 0.005 ವಾಟ್. ಏಳು ಸಾವಿರದಲ್ಲಿ ಒಂದು ಪಾಲು. ‘ಆ ಪ್ಲಗ್ ಚೆನ್ನಾಗೇ ಇದೆ, ಫೋನು ಚಾರ್ಜ್ ಆಗುತ್ತಲ್ಲ’ ಎಂಬ ವಾದಕ್ಕೆ ಇದು ಉತ್ತರ. ಫೋನು ಪಾಸು ಮಾಡಿದ ಸಾಕೆಟ್ಟನ್ನು ಗೀಸರು ಸುಡಬಲ್ಲದು.

ಇನ್ನೊಂದು ನಂಬಿಕೆ, ಏನಾದರೂ ಎಡವಟ್ಟಾದರೆ ಎಂಸಿಬಿ ಟ್ರಿಪ್ ಆಗುತ್ತದಲ್ಲ ಎಂಬುದು. ಆಗುವುದಿಲ್ಲ. ಎಂಸಿಬಿ ಇರಲಿ, ಹಳೆಯ ಕಾಲದ ಪಿಂಗಾಣಿ ಫ್ಯೂಸು ಇರಲಿ, ಕಾಯುತ್ತಿರುವುದು ಕರೆಂಟು ಮಿತಿ ಮೀರುವುದನ್ನು. ಸಡಿಲ ಜಾಯಿಂಟಿನಲ್ಲಿ ಕರೆಂಟು ಮೀರುವುದಿಲ್ಲ, ನಾವು ನೋಡಿದಂತೆ ಕೊಂಚ ಇಳಿದಿರುತ್ತದೆ. ಕಾವಲುಗಾರನ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮನೆಯ ವೈರಿಂಗಿನಲ್ಲಿ ನನಗೆ ತೀರ ಅನ್ಯಾಯ ಎನಿಸುವ ಸಂಗತಿ ಇದು.

ತಂತಿಯ ಮಾತು ಬೇರೆ. ಗೀಸರಿಗೆ ಸಾಮಾನ್ಯವಾಗಿ ಎಳೆಯುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್. ಮೇನ್ ಬೋರ್ಡಿನಿಂದ ಬಚ್ಚಲಿಗೆ 15 ಮೀಟರ್ ದೂರವಾದರೆ ಹೋಗಿ ಬರುವ ದಾರಿ 30 ಮೀಟರ್, ಅದಕ್ಕೆ 0.22 ಓಮ್. ಬಿಸಿ ಸುಮಾರು 17 ವಾಟ್. ಆದರೆ ಅದು 30 ಮೀಟರ್ ಉದ್ದಕ್ಕೂ ಹಂಚಿಹೋಗುವುದರಿಂದ ಗೋಡೆಗೆ ಗೊತ್ತೇ ಆಗುವುದಿಲ್ಲ. ಒಂದೇ ಕಡೆ ಗುಡ್ಡೆಯಾದ ಓಮ್‌ಗೂ ಹರಡಿಕೊಂಡ ಓಮ್‌ಗೂ ಮೀಟರಿನಲ್ಲಿ ವ್ಯತ್ಯಾಸವಿಲ್ಲ, ಬೆಂಕಿಯಲ್ಲಿ ಇದೆ.

ಹಾಗಾದರೆ ಕಳ್ಳ ಓಮ್ ಎಷ್ಟಿದೆ ಎಂದು ಕಂಡುಹಿಡಿಯುವುದು ಹೇಗೆ? ಗೋಡೆ ಒಡೆಯಬೇಕಿಲ್ಲ. ಹೊರೆ ಇಲ್ಲದಾಗ ಎಷ್ಟು ವೋಲ್ಟ್, ಹೊರೆ ಇದ್ದಾಗ ಎಷ್ಟು ವೋಲ್ಟ್ ಎಂದು ನೋಡಿದರೆ ಸಾಕು. ಗೀಸರು ಹೋಗುವ ಲೈನಿನಲ್ಲೇ ಇರುವ ಇನ್ನೊಂದು ಸಾಕೆಟ್ಟಿನಲ್ಲಿ, ಗೀಸರು ಆಫ್ ಇದ್ದಾಗ 231 ವೋಲ್ಟ್, ಆನ್ ಮಾಡಿದರೆ 222 ಎಂದು ಇಟ್ಟುಕೊಳ್ಳಿ. ಒಂಬತ್ತು ವೋಲ್ಟ್ ದಾರಿಯಲ್ಲಿ ಸೋರಿತು. ಈಗ ಮೇನ್ ಮೀಟರನ್ನು ನೋಡಿ. ಹಲವು ಡಿಜಿಟಲ್ ಮೀಟರುಗಳು ಯೂನಿಟ್ಟಿನ ಜೊತೆ ವೋಲ್ಟೇಜನ್ನೂ ಸರದಿಯಂತೆ ತೋರಿಸುತ್ತವೆ. ಅಲ್ಲಿ 231 ಇದ್ದದ್ದು 229 ಆಯಿತೆಂದರೆ, ಎರಡು ವೋಲ್ಟ್ ಕಂಬದ ಕಡೆಯ ಪಾಲು, ಏಳು ವೋಲ್ಟ್ ಮನೆಯೊಳಗಿನದು. ಹರಿಯುತ್ತಿರುವ ಕರೆಂಟು 222ನ್ನು 26.4ರಿಂದ ಭಾಗಿಸಿದರೆ 8.4. ಏಳನ್ನು 8.4ರಿಂದ ಭಾಗಿಸಿದರೆ 0.83 ಓಮ್. ತಂತಿಯ ಪಾಲು 0.22 ಕಳೆದರೂ 0.6 ಓಮ್ ಲೆಕ್ಕಕ್ಕೆ ಸಿಗದೆ ಉಳಿಯಿತು. 8.4ರ ವರ್ಗಕ್ಕೆ ಗುಣಿಸಿದರೆ 40 ವಾಟಿಗೂ ಮೀರಿದ ಬಿಸಿ ಎಲ್ಲೋ ಒಂದು ಸ್ಕ್ರೂ ಕೆಳಗೆ ಕೂತಿದೆ ಎಂದರ್ಥ. ಊರಿನ ವೋಲ್ಟೇಜು ತಾನಾಗಿಯೂ ಏರಿಳಿಯುವುದರಿಂದ ಆನ್-ಆಫ್ ಮಾಡಿ ಮೂರ್ನಾಲ್ಕು ಸಲ ನೋಡಬೇಕು. ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ವೋಲ್ಟ್ ಮೀಟರುಗಳು ಸಿಗುತ್ತವೆ, ಅದು ಸಾಕು. ಮಲ್ಟಿಮೀಟರಿನ ಮುಳ್ಳು ಹಿಡಿದು ಸಾಕೆಟ್ಟಿಗೆ ಚುಚ್ಚುವ ಕೆಲಸ ಎಲೆಕ್ಟ್ರೀಷಿಯನ್ನಿಗೆ ಬಿಡಿ.

ತಂತಿ ಮುಟ್ಟದೆ ವಾಟ್ ಅಳೆಯುವ ದಾರಿಯೂ ಅದೇ ಮೀಟರಿನಲ್ಲಿದೆ. ಮುಖದ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂಬುದನ್ನು ಪಕ್ಕದಲ್ಲೇ ಬರೆದಿರುತ್ತಾರೆ, 3200 ಎನ್ನಿ. ಮನೆಯ ಉಳಿದೆಲ್ಲವನ್ನೂ ಆಫ್ ಮಾಡಿ ಗೀಸರೊಂದನ್ನೇ ಓಡಿಸಿ, ನಿಮಿಷಕ್ಕೆ ಎಷ್ಟು ಸಲ ಮಿಣುಕಿತು ಎಂದು ಎಣಿಸಿ. 60ಕ್ಕೆ ಗುಣಿಸಿ 3200ರಿಂದ ಭಾಗಿಸಿದರೆ ಕಿಲೋವಾಟ್. 107 ಮಿಣುಕಾದರೆ ಸರಿಸುಮಾರು 2 ಕಿಲೋವಾಟ್. 93 ಬಂದರೆ ಗೀಸರು ಕೆಟ್ಟಿದೆ ಎಂದಲ್ಲ. ವೋಲ್ಟೇಜು 215ಕ್ಕೆ ಇಳಿದಿದ್ದರೆ ಅಷ್ಟೇ ಬರಬೇಕು: 215ರ ವರ್ಗವನ್ನು 26.4ರಿಂದ ಭಾಗಿಸಿ ನೋಡಿ, 1750 ವಾಟ್. ಹಳ್ಳಿಗಳಲ್ಲಿ ಸಂಜೆ ವೋಲ್ಟೇಜು 180ಕ್ಕೆ ಬಿದ್ದರೆ ಗೀಸರಿನ ವಾಟ್ 1230ರ ಆಸುಪಾಸಿಗೆ ಇಳಿಯುತ್ತದೆ. ವೋಲ್ಟ್ ಇಳಿದದ್ದು ನೂರಕ್ಕೆ 22, ವಾಟ್ ಇಳಿದದ್ದು ನೂರಕ್ಕೆ 39. 15 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಏರಲು 18 ನಿಮಿಷ ಸಾಕಾಗುತ್ತಿದ್ದದ್ದು ಅರ್ಧ ಗಂಟೆ ಹಿಡಿಯುತ್ತದೆ. ಬಿಲ್ಲಿನಲ್ಲಿ ಹೆಚ್ಚೇನೂ ವ್ಯತ್ಯಾಸವಾಗದು, ಎರಡೂ ಸಲ ಬೇಕಾಗುವುದು ಸುಮಾರು 0.6 ಯೂನಿಟ್ಟೇ.

ಇಷ್ಟು ಧೈರ್ಯವಾಗಿ 26.4ನ್ನು ಎಲ್ಲ ಕಡೆ ಬಳಸಿದ್ದು ಏಕೆಂದರೆ ಗೀಸರಿನ ಕಾಯಿಲ್ ನೈಕ್ರೋಮ್ ಎಂಬ ಮಿಶ್ರಲೋಹದ್ದು. ತಣ್ಣಗಿದ್ದಾಗ, ಬಿಸಿಯಾದಾಗ ಅದರ ರೋಧ ಅಷ್ಟಾಗಿ ಬದಲಾಗುವುದಿಲ್ಲ. ಎಲ್ಲ ಲೋಹಕ್ಕೂ ಈ ಗುಣವಿಲ್ಲ. ಹಳೆಯ 60 ವಾಟಿನ ತಂತಿ ಬಲ್ಬು ಮನೆಯಲ್ಲಿ ಉಳಿದಿದ್ದರೆ ಅದರ ಲೆಕ್ಕ ಹಾಕಿ: 0.26 ಆಂಪಿಯರ್, 880 ಓಮ್. ಅದೇ ಬಲ್ಬನ್ನು ಬಿಚ್ಚಿ ಮಲ್ಟಿಮೀಟರಿಗೆ ಹಿಡಿದರೆ 60-70 ಓಮ್ ತೋರಿಸುತ್ತದೆ. ಮೀಟರು ಕೆಟ್ಟಿಲ್ಲ. ಉರಿಯುವಾಗ ಟಂಗ್‌ಸ್ಟನ್ ತಂತಿ 2500 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಆಗ ಅದರ ರೋಧ ತಣ್ಣಗಿದ್ದಾಗಿನ ಹತ್ತು-ಹದಿನೈದು ಪಟ್ಟು. ಸ್ವಿಚ್ ಹಾಕಿದ ಕ್ಷಣದಲ್ಲಿ, ಇನ್ನೂ ಕಾಯದ ತಂತಿಯಲ್ಲಿ ಮೂರೂವರೆ ಆಂಪಿಯರ್ ನುಗ್ಗುತ್ತದೆ. 60 ವಾಟಿನ ಬಲ್ಬು ಕಣ್ಣು ಮಿಟುಕಿಸುವುದರೊಳಗೆ 800 ವಾಟ್ ಕುಡಿದು ಸುಧಾರಿಸಿಕೊಳ್ಳುತ್ತದೆ. ಬಲ್ಬುಗಳು ಉರಿಯುತ್ತಿದ್ದಾಗ ಹೋಗುವುದಕ್ಕಿಂತ ಹೆಚ್ಚಾಗಿ ಸ್ವಿಚ್ ಹಾಕಿದ ಕೂಡಲೇ ಟಪ್ ಎನ್ನುತ್ತಿದ್ದದ್ದು ಇದರಿಂದ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಯಾವಾಗಲೂ ಒಂದು ಓಮ್ ಸಿಗುತ್ತದೆ, ಆದರೆ ಅದು ಆ ಹೊತ್ತಿನ ಓಮ್. ಬಿಸಿ ಬದಲಾಗದಿದ್ದರೆ ಲೋಹದ ಓಮ್ ಕೂಡ ಬದಲಾಗದು ಎಂಬುದೇ ಓಮ್‌ನ ನಿಯಮದ ನಿಜವಾದ ಮಾತು. ಭಾಗಾಕಾರ ಮಾತ್ರ ಯಾರ ಹೆಸರಿನದೂ ಅಲ್ಲ.

ಮನೆಯೊಳಗಿನ ಅರ್ಧ ಓಮ್ ಇಷ್ಟು ಕಾಡಿದರೆ, ನೂರಾರು ಕಿಲೋಮೀಟರ್ ತಂತಿ ಎಳೆಯುವವರ ಗತಿಯೇನು? ಕರ್ನಾಟಕಕ್ಕೆ ಇದರ ಉತ್ತರ 1902ರಲ್ಲೇ ಗೊತ್ತಿತ್ತು. ಆ ವರ್ಷದ ಜೂನ್ 30ರಂದು ಶಿವನಸಮುದ್ರದ ಕಾವೇರಿ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ದೂರ ಸುಮಾರು 147 ಕಿಲೋಮೀಟರ್, ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಯೋಜನೆಯ ಹಿಂದಿದ್ದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಜಾಲಿ ಡಿ ಲಾಟ್‌ಬಿನಿಯರ್. ಅಯ್ಯರ್ ಅವರು ಅದು ಚಾಲೂ ಆಗುವುದನ್ನು ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಲೆಕ್ಕ ನೋಡಿ. ಜಲಪಾತದ ಬಳಿಯ ಯಂತ್ರಗಳು ಒಟ್ಟು ನಾಲ್ಕು ಸಾವಿರ ಕಿಲೋವಾಟಿನ ಆಸುಪಾಸು ಶಕ್ತಿಯನ್ನು ಎರಡು ಸಾವಿರದ ಚಿಲ್ಲರೆ ವೋಲ್ಟಿನಲ್ಲಿ ಹುಟ್ಟಿಸುತ್ತಿದ್ದವು. ಅದನ್ನು ಹಾಗೇ ಕಳಿಸಬೇಕೆಂದರೆ ಮೂರು ಫೇಸಿನ ಲೆಕ್ಕದಲ್ಲಿ ಒಂದೊಂದು ತಂತಿಯಲ್ಲೂ ಸಾವಿರ ಆಂಪಿಯರ್ ಹರಿಯಬೇಕು. ಪೆನ್ಸಿಲ್ ದಪ್ಪದ ತಾಮ್ರದ ತಂತಿ ಎಳೆದರೂ 147 ಕಿಲೋಮೀಟರಿಗೆ ಅದರ ರೋಧ ಸುಮಾರು 50 ಓಮ್. 2200 ವೋಲ್ಟನ್ನು 50ರಿಂದ ಭಾಗಿಸಿದರೆ 44. ಇದ್ದಬದ್ದ ತಳ್ಳೆಲ್ಲ ಒಂದು ತಂತಿಗೇ ಖರ್ಚಾಗಿ ಗಣಿಗೆ ಏನೂ ಉಳಿಯದಿದ್ದರೂ 44 ಆಂಪಿಯರ್ ಮೀರುವುದಿಲ್ಲ. ಬೇಕಾದದ್ದು ಸಾವಿರ! ಹೀಗೆ ಕಳಿಸಿದರೆ ನಷ್ಟವಾಗುತ್ತದೆ ಎಂಬ ಮಾತು ಬೇರೆ, ಇಲ್ಲಿ ಕಳಿಸುವುದೇ ಸಾಧ್ಯವಿಲ್ಲ.

ಅದಕ್ಕೇ ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜನ್ನು ಮೂವತ್ತು ಸಾವಿರದ ಮೇಲಕ್ಕೆ ಏರಿಸಿದರು. ವೋಲ್ಟ್ ಹದಿನಾಲ್ಕು ಪಟ್ಟು ಏರಿದರೆ ಅದೇ ವಾಟಿಗೆ ಕರೆಂಟು ಹದಿನಾಲ್ಕರಲ್ಲಿ ಒಂದು ಪಾಲು ಸಾಕು. ದಾರಿಯ ನಷ್ಟ ಕರೆಂಟಿನ ವರ್ಗದಂತೆ ಇಳಿದು ಇನ್ನೂರರಲ್ಲಿ ಒಂದು ಪಾಲಿನ ಹತ್ತಿರ ಬಂತು. ತಂತಿಯ ಓಮ್ ಅಷ್ಟೇ ಇತ್ತು, ಅದರ ಹಲ್ಲು ಕಿತ್ತರು ಅಷ್ಟೇ. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ಬೀದಿದೀಪ ಹೊತ್ತಿದ್ದೂ ಇದೇ ಶಿವನಸಮುದ್ರದ ಕರೆಂಟಿನಲ್ಲಿ.

ಆ ಕರೆಂಟು ಹೋದ ಕೋಲಾರದ ಸೀಮೆಯಲ್ಲೇ ಇವತ್ತು ಕಳ್ಳ ಓಮ್ ಬೇರೊಂದು ದಾರಿಯಲ್ಲಿ ವಸೂಲಿ ಮಾಡುತ್ತಿದೆ. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಮೋಟಾರು ತಳದಲ್ಲಿದೆ, ಸ್ಟಾರ್ಟರು ಮೇಲಿದೆ, ನಡುವೆ ಸಾವಿರ ಅಡಿ ಕೇಬಲ್ಲು. 4 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಇಳಿಬಿಟ್ಟಿದ್ದರೆ ಒಂದೊಂದು ಎಳೆಗೆ 1.4 ಓಮ್. ಹತ್ತು ಎಚ್‌ಪಿ ಮೋಟಾರು 16 ಆಂಪಿಯರ್ ಎಳೆಯುತ್ತಿದೆ ಎಂದುಕೊಂಡರೆ ಎಳೆಯೊಂದಕ್ಕೆ 358 ವಾಟ್, ಮೂರೂ ಎಳೆ ಸೇರಿ ಸಾವಿರ ವಾಟಿಗೂ ಮೇಲೆ. ಒಂದು ಇಸ್ತ್ರಿ ಪೆಟ್ಟಿಗೆಯನ್ನು ಹಚ್ಚಿ ಬೋರಿನೊಳಗೆ ಇಳಿಬಿಟ್ಟ ಹಾಗಾಯಿತು. ಏಳು ಗಂಟೆ ತ್ರೀಫೇಸ್ ಕೊಟ್ಟರೆ ದಿನಕ್ಕೆ ಏಳೂವರೆ ಯೂನಿಟ್ ಕೇಬಲ್ಲನ್ನು ಬೆಚ್ಚಗಿಡಲು ಹೋಗುತ್ತದೆ. 10 ಚದರ ಮಿಲಿಮೀಟರಿನ ಕೇಬಲ್ ಹಾಕಿದ್ದರೆ ಇದು 430 ವಾಟಿಗೆ ಇಳಿಯುತ್ತಿತ್ತು. ಆದರೆ ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಕೇಬಲ್ಲು ಉಚಿತವಲ್ಲ. ರೈತ ಸಣ್ಣ ಕೇಬಲ್ ಕೊಳ್ಳುತ್ತಾನೆ, ನಷ್ಟವನ್ನು ಸರ್ಕಾರ ತುಂಬುತ್ತದೆ. ಇದರಲ್ಲಿ ರೈತನನ್ನು ದೂರುವಂಥದ್ದು ಏನೂ ಇಲ್ಲ. ಸಬ್ಸಿಡಿ ಲೆಕ್ಕ ಹಾಕುವವರು ಯೂನಿಟ್ಟಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ದಪ್ಪ ಕೇಬಲ್ಲಿಗೆ ಕೊಟ್ಟರೆ ಇಬ್ಬರಿಗೂ ಲಾಭ.

ನಷ್ಟಕ್ಕಿಂತ ರೈತನನ್ನು ಸುಡುವುದು ಮೋಟಾರು ಸುಡುವ ಚಿಂತೆ. ಗೀಸರಿಗೆ ವೋಲ್ಟೇಜು ಇಳಿದರೆ ಕರೆಂಟೂ ಇಳಿಯುತ್ತದೆ ಎಂದು ನೋಡಿದೆವು. ಮೋಟಾರು ತದ್ವಿರುದ್ಧ. ಅದರ ವೈಂಡಿಂಗಿನ ರೋಧ ಒಂದೆರಡು ಓಮ್ ಮಾತ್ರ. ಬರೀ ಭಾಗಾಕಾರ ನಂಬಿದರೆ 415 ವೋಲ್ಟಿಗೆ ಇನ್ನೂರು ಆಂಪಿಯರ್ ಹರಿಯಬೇಕು, ಹರಿಯುವುದು 16. ತಿರುಗುವ ಮೋಟಾರು ತಾನೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿ ಬರುವ ಕರೆಂಟನ್ನು ತಡೆದಿರುತ್ತದೆ. ವೋಲ್ಟೇಜು ಬಿದ್ದಾಗ ಮೇಲೆತ್ತಬೇಕಾದ ನೀರು ಕಡಿಮೆಯಾಗುವುದಿಲ್ಲ. ಮೋಟಾರಿನ ಓಟ ತುಸು ತಗ್ಗುತ್ತದೆ, ಎದುರು ತಡೆ ಸಡಿಲವಾಗುತ್ತದೆ, ಕರೆಂಟು ಏರುತ್ತದೆ. 16 ಇದ್ದದ್ದು 20 ಆದರೆ ವೈಂಡಿಂಗಿನ ಬಿಸಿ ಒಂದೂವರೆ ಪಟ್ಟಿಗೂ ಮೇಲೆ. ಸಾವಿರ ಅಡಿಯ ಕೇಬಲ್ಲಿನಲ್ಲೂ ಆ 20 ಆಂಪಿಯರೇ ಹರಿದು, ತಳ ಮುಟ್ಟುವ ವೋಲ್ಟೇಜು ಇನ್ನಷ್ಟು ಬೀಳುತ್ತದೆ. ಸ್ಟಾರ್ಟರಿನ ಪೆಟ್ಟಿಗೆಯ ಮೇಲಿರುವ ಆಂಪಿಯರ್ ಮೀಟರಿನ ಮುಳ್ಳು ಏರುವುದನ್ನು ಕಂಡು ಮೋಟಾರು ನಿಲ್ಲಿಸುವ ರೈತ ಜೌಲ್‌ನ ಹೆಸರು ಕೇಳಿರಲಾರ, ಆದರೆ ಆತ ಮಾಡುವುದು ಜೌಲ್ ಲೆಕ್ಕವೇ. ಅಂದಹಾಗೆ, ಮೋಟಾರು, ಚಾರ್ಜರುಗಳಲ್ಲಿ ವೋಲ್ಟನ್ನು ಆಂಪಿಯರಿಗೆ ಗುಣಿಸಿದರೆ ನಿಜವಾದ ವಾಟಿಗಿಂತ ಹೆಚ್ಚು ಬರುತ್ತದೆ. ಪವರ್ ಫ್ಯಾಕ್ಟರ್ ಎಂಬ ಇನ್ನೊಂದು ಗುಣಾಕಾರ ಅಲ್ಲಿ ಸೇರುತ್ತದೆ. ಕಾಯಿಲ್ ಇರುವ ಗೀಸರು, ಇಸ್ತ್ರಿ, ಹೀಟರುಗಳಿಗೆ ಆ ತಾಪತ್ರಯವಿಲ್ಲ.

ಮನುಷ್ಯನ ಮೈಗೂ ಓಮ್ ಇದೆ. ಗೇಯಾರ್ಗ್ ಓಮ್‌ಗಿಂತ ಸುಮಾರು ಅರ್ಧ ಶತಮಾನ ಮೊದಲು ಹೆನ್ರಿ ಕ್ಯಾವೆಂಡಿಶ್ ಎಂಬ ಇಂಗ್ಲಿಷ್ ವಿಜ್ಞಾನಿ, ಕರೆಂಟು ಅಳೆಯುವ ಮೀಟರೇ ಇಲ್ಲದ ಕಾಲದಲ್ಲಿ, ತನ್ನ ಮೈಗೆ ತಾನೇ ಶಾಕ್ ಕೊಟ್ಟುಕೊಂಡು ಯಾವುದು ಜೋರು ಎಂದು ಹೋಲಿಸಿ ಇದೇ ನಿಯಮದ ಹತ್ತಿರ ಬಂದಿದ್ದ. ಬರೆದಿಟ್ಟದ್ದನ್ನು ಅಚ್ಚು ಹಾಕಿಸಲಿಲ್ಲ, ಮ್ಯಾಕ್ಸ್‌ವೆಲ್ ಎಂಬ ಭೌತವಿಜ್ಞಾನಿ ಅದನ್ನು ಹೊರತಂದದ್ದು 1879ರಲ್ಲಿ. ಒಣಗಿದ ಚರ್ಮಕ್ಕೆ ಹತ್ತಾರು ಸಾವಿರ ಓಮ್ ಇರಬಹುದು, ಒದ್ದೆಯಾದರೆ ಸಾವಿರದ ಆಸುಪಾಸಿಗೆ ಇಳಿಯಬಲ್ಲದು. 230ನ್ನು ಸಾವಿರದಿಂದ ಭಾಗಿಸಿದರೆ 0.23 ಆಂಪಿಯರ್. ಜೀವ ಉಳಿಸಲೆಂದು ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ ಟ್ರಿಪ್ ಆಗುವುದು 0.03 ಆಂಪಿಯರಿಗೆ. ಬಚ್ಚಲಿನಲ್ಲಿ ನಿಂತ ಒದ್ದೆ ಮೈ ಅದರ ಏಳೂವರೆ ಪಟ್ಟು ಎಳೆದುಕೊಳ್ಳಬಲ್ಲದು. ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ, 16 ಆಂಪಿಯರಿನದು 0.23ಕ್ಕೆ ಕಣ್ಣೆತ್ತಿಯೂ ನೋಡದು. ಮನೆಯಲ್ಲಿ ಎಂಸಿಬಿ ಮಾತ್ರ ಇದ್ದು ಆರ್‌ಸಿಸಿಬಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಎರಡನೆಯ ಕೆಲಸ ಇನ್ನೂ ಅಗ್ಗದ್ದು. ನಾಳೆ ಗೀಸರು ಇಪ್ಪತ್ತು ನಿಮಿಷ ಓಡಿದ ಮೇಲೆ, ಸ್ವಿಚ್ ಆಫ್ ಮಾಡಿ, ಒಣಗಿದ ಕೈಯಲ್ಲಿ ಪ್ಲಗ್ಗಿನ ಪ್ಲಾಸ್ಟಿಕ್ ಬೆನ್ನನ್ನು ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಬಿಸಿಯಿದ್ದರೆ, ಅಥವಾ ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣ ತಿರುಗಿದ್ದರೆ, ಟೇಪು ಸುತ್ತಿ ಮುಂದೂಡಬೇಡಿ. ಎಲೆಕ್ಟ್ರೀಷಿಯನ್ನನ್ನು ಕರೆಸಿ ಪ್ಲಗ್ಗು, ಸಾಕೆಟ್ಟು ಎರಡನ್ನೂ ಒಟ್ಟಿಗೇ ಬದಲಾಯಿಸಿ. ಸುಟ್ಟ ಪಿನ್ನನ್ನು ಹೊಸ ಸಾಕೆಟ್ಟಿಗೆ ಸಿಕ್ಕಿಸಿದರೆ ಅದೂ ಕೆಲವೇ ತಿಂಗಳಲ್ಲಿ ಸುಡುತ್ತದೆ.